ಟವರ್ ಬೇಡ, ಸಿಗ್ನಲ್ ಬೇಕು

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ಆಷಾಢದ ಒಂದು ಭಾನುವಾರ ಬೆಳಿಗ್ಗೆ ನಮ್ಮ ಬೀದಿಯ ಕ್ಷೇಮಾಭಿವೃದ್ಧಿ ಸಂಘದ ತುರ್ತು ಸಭೆ ಸೇರಿತ್ತು. ನಮ್ಮದು ಬನಶಂಕರಿ ಎರಡನೇ ಹಂತ. ಎದುರು ಸಾಲಿನ ಮೂರಂತಸ್ತಿನ ಮನೆಯ ತಾರಸಿಯಲ್ಲಿ ಮೊಬೈಲ್ ಟವರ್ ನಿಲ್ಲಿಸಲು ಯಜಮಾನರು ಒಪ್ಪಿದ್ದಾರೆ, ತಿಂಗಳು ತಿಂಗಳು ಬಾಡಿಗೆ ಬರುತ್ತದಂತೆ ಎಂಬ ಸುದ್ದಿ ಹಿಂದಿನ ರಾತ್ರಿಯೇ ವಾಟ್ಸ್ಆಪ್‌ನಲ್ಲಿ ಹರಡಿತ್ತು. ಸಭೆ ನಡೆದದ್ದು ಕಾರ್ಯದರ್ಶಿಗಳ ಮನೆಯ ಕಾರು ನಿಲ್ಲಿಸುವ ಜಾಗದಲ್ಲಿ. ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಫ್ಲಾಸ್ಕ್ ಕಾಫಿ, ಒಂದರ ಮೇಲೊಂದು ಏರುವ ದನಿ. ಕ್ಯಾನ್ಸರ್ ಖಂಡಿತ ಎಂದರು ಒಬ್ಬರು. ಊರಿನ ಗುಬ್ಬಿಗಳೆಲ್ಲ ಹೋದದ್ದೇ ಇದರಿಂದ ಎಂದರು ಇನ್ನೊಬ್ಬರು. ಅಷ್ಟರಲ್ಲಿ ಕಾರ್ಯದರ್ಶಿಗಳ ಮೊಬೈಲ್ ರಿಂಗಾಯಿತು. "ಹಲೋ, ಹಲೋ" ಎನ್ನುತ್ತಾ ಅವರು ಗೇಟು ದಾಟಿ, ರಸ್ತೆಯ ನಟ್ಟನಡುವೆ ನಿಂತು, "ನಮ್ಮ ಮನೆಯೊಳಗೆ ಸಿಗ್ನಲ್ಲೇ ಸಿಗುವುದಿಲ್ಲ ಸ್ವಾಮಿ, ಸ್ವಲ್ಪ ಜೋರಾಗಿ ಹೇಳಿ" ಎಂದು ಕೂಗಿದರು. ಒಳಗೆ ಬಂದು ಟವರ್ ವಿರುದ್ಧದ ಅರ್ಜಿಗೆ ಮೊದಲ ಸಹಿ ಹಾಕಿದವರೂ ಅವರೇ.

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಹಿಂದಿನ ಸಾಲಿನಲ್ಲಿ ಕಾಫಿ ಹೀರುತ್ತಾ ತೆಪ್ಪಗೆ ಕುಳಿತಿದ್ದೆ. ಪಕ್ಕದ ಮನೆಯ ಪದ್ಮಮ್ಮನವರು ತಿರುಗಿ ನೋಡಿ, "ಏನು ಮೇಷ್ಟ್ರೇ, ನೀವು ಬಾಯಿಯೇ ಬಿಡುತ್ತಿಲ್ಲವಲ್ಲ? ಇದರಿಂದ ತೊಂದರೆ ಇದೆಯೋ ಇಲ್ಲವೋ, ಒಂದೇ ಮಾತಿನಲ್ಲಿ ಹೇಳಿಬಿಡಿ" ಎಂದರು. ಒಂದೇ ಮಾತಿನಲ್ಲಿ ಹೇಳಲು ನನಗೆ ಬರಲಿಲ್ಲ. ಮೇಷ್ಟ್ರುಗಳಿಗೆ ಅಂಟಿದ ರೋಗ ಅದು. ಕಾಲು ಗಂಟೆ ಕೊಟ್ಟರೆ ಹೇಳುತ್ತೇನೆ ಎಂದೆ. ಅಂದು ಯಾರೂ ಕೊಡಲಿಲ್ಲ, ಆಕಾಶವಾಣಿಯವರು ಕೊಟ್ಟಿದ್ದಾರೆ.

ನನ್ನ ಕಾಲಬುಡದಿಂದಲೇ ಶುರು ಮಾಡುತ್ತೇನೆ. ನನ್ನ ಈ ಮಾತು ನಿಮ್ಮ ಮನೆಗೆ ಬರುತ್ತಿರುವುದು ರೇಡಿಯೊ ಅಲೆಯ ಬೆನ್ನೇರಿ. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗದ ಪ್ರಸಾರ 612 ಕಿಲೋಹರ್ಟ್ಸ್‌ನಲ್ಲಿದೆ, ಅದರ ಟ್ರಾನ್ಸ್‌ಮಿಟರಿನ ಶಕ್ತಿ 200 ಕಿಲೋವ್ಯಾಟ್, ಎಂದರೆ ಎರಡು ಲಕ್ಷ ವ್ಯಾಟ್. ನಿಮ್ಮ ಜೇಬಿನಲ್ಲಿರುವ 4ಜಿ ಮೊಬೈಲ್ ಎಷ್ಟೇ ಗಂಟಲು ಹರಿದುಕೊಂಡರೂ ಹೊರಗೆ ಬಿಡುವುದು ಒಂದು ವ್ಯಾಟಿನ ಐದನೇ ಒಂದು ಭಾಗ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದಾಗ ಅವರ ಕೈಯಲ್ಲಿದ್ದದ್ದು 30 ವ್ಯಾಟಿನ ಪುಟ್ಟ ಯಂತ್ರ. ಅಂದಿನಿಂದ ನಮ್ಮ ನಾಡು ಈ ಅಲೆಗಳಲ್ಲಿ ಮೀಯುತ್ತಲೇ ಬಂದಿದೆ. ಅದಕ್ಕಾಗಿ ಯಾರಾದರೂ ಧರಣಿ ಕೂತದ್ದು ನನಗಂತೂ ನೆನಪಿಲ್ಲ. ಹಾಗೆಂದು ನಿರಪಾಯ ಎನ್ನುವಂತಿಲ್ಲ. ಹಳೆಯದೆಲ್ಲ ಒಳ್ಳೆಯದು ಎನ್ನುವುದಾದರೆ ಕಡ್ಡಿಪುಡಿಯೂ ಒಳ್ಳೆಯದೇ ಆಗಬೇಕಿತ್ತು.

ವಿಕಿರಣ ಎಂಬ ಒಂದು ಪದವೇ ಅರ್ಧ ಗಲಾಟೆಗೆ ಕಾರಣ. ಎಕ್ಸ್-ರೇ ಕೂಡ ವಿಕಿರಣ, ಬೆಳಕೂ ವಿಕಿರಣ, ಮೊಬೈಲಿನಿಂದ ಹೊರಡುವುದೂ ವಿಕಿರಣ. ಇವೆಲ್ಲ ಒಂದೇ ವಂಶದವು, ಆದರೆ ಸ್ವಭಾವ ಬೇರೆ. ಶಕ್ತಿ ಅಲೆಯಲ್ಲಿ ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಬರುತ್ತದೆ. ಎಕ್ಸ್-ರೇಯ ಒಂದೊಂದು ಪೊಟ್ಟಣವೂ ನಮ್ಮ ಜೀವಕೋಶದ ಡಿಎನ್‌ಎಯ ಬಂಧವನ್ನು ಮುರಿಯಬಲ್ಲದು. 1800 ಮೆಗಾಹರ್ಟ್ಸ್‌ನ ಮೊಬೈಲ್ ಅಲೆಯ ಪೊಟ್ಟಣ ಎಷ್ಟು ಚಿಕ್ಕದೆಂದರೆ, ನಿಮ್ಮ ನಡುಮನೆಯ ಟ್ಯೂಬ್‌ಲೈಟಿನ ಬೆಳಕಿನ ಪೊಟ್ಟಣ ಅದರ ಸುಮಾರು ಮೂರು ಲಕ್ಷ ಪಟ್ಟು ದೊಡ್ಡದು. ಕಲ್ಲು ಬೀರಿ ಮಾವಿನಕಾಯಿ ಉದುರಿಸಬಹುದು. ಸಾಸಿವೆ ಕಾಳನ್ನು ಮೂಟೆಗಟ್ಟಲೆ ಎರಚಿದರೂ ಕಾಯಿ ಉದುರುವುದಿಲ್ಲ.

ಆದರೆ ಸಾಸಿವೆಯೂ ಮೂಟೆಗಟ್ಟಲೆ ಬಿದ್ದರೆ ಮತ್ತೇನೋ ಆಗುತ್ತದೆ. ಬಿಸಿಯಾಗುತ್ತದೆ. 1945ರಲ್ಲಿ ಅಮೆರಿಕದ ರೇಥಿಯಾನ್ ಕಂಪನಿಯ ಇಂಜಿನಿಯರ್ ಪರ್ಸಿ ಸ್ಪೆನ್ಸರ್ ರೇಡಾರ್ ಉಪಕರಣದ ಹತ್ತಿರ ನಿಂತಿದ್ದಾಗ ಜೇಬಿನಲ್ಲಿದ್ದ ಮಿಠಾಯಿ ಕರಗಿತು, ಮೈಕ್ರೋವೇವ್ ಒಲೆ ಹುಟ್ಟಿತು. ಹಿಂದಿನ ವರ್ಷ ನನ್ನ ಹೆಂಡತಿಯ ಹೆಗಲು ಹಿಡಿದುಕೊಂಡು, ಜಡೆ ಹಾಕಿಕೊಳ್ಳಲೂ ಕೈ ಮೇಲೇಳದಂತಾಗಿತ್ತು. ಫಿಸಿಯೋಥೆರಪಿಯವರು ಹೆಗಲಿನ ಹಿಂದೊಂದು ಮುಂದೊಂದು ಮೆತ್ತೆಯಂಥ ತಟ್ಟೆ ಇಟ್ಟು, ನಡುವೆ ಟವೆಲ್ ಮಡಿಸಿ, ಗುಂಡಿ ತಿರುಗಿಸಿದರು. "ಒಳಗಿನಿಂದ ಬೆಚ್ಚಗಾಗುತ್ತಿದೆ" ಎಂದಳು. ಅದು ಶಾರ್ಟ್‌ವೇವ್ ಡಯಾಥರ್ಮಿ, 27.12 ಮೆಗಾಹರ್ಟ್ಸ್‌ನ ಅಸಲಿ ರೇಡಿಯೊ ಅಲೆ. ಹತ್ತು ದಿನ ದುಡ್ಡು ಕೊಟ್ಟು ಮೈಗೆ ಅಲೆ ಹಾಯಿಸಿಕೊಂಡವಳು ಟವರ್ ವಿರುದ್ಧದ ಅರ್ಜಿಯಲ್ಲಿ ಹನ್ನೊಂದನೆಯ ಸಹಿ ಹಾಕಿದ್ದಾಳೆ. ಈ ವಿಚಾರವನ್ನು ನಾನು ಮನೆಯಲ್ಲಿ ಎತ್ತಿಲ್ಲ, ರೇಡಿಯೊದಲ್ಲಿ ಮಾತ್ರ ಹೇಳುತ್ತಿದ್ದೇನೆ. ಎಂಆರ್‌ಐ ಮಾಡಿಸಿಕೊಂಡವರಿಗೂ ಇದರ ಅನುಭವ ಉಂಟು. ಒಳಗೆ ಮಲಗಿದಾಗ ಮೈ ಸ್ವಲ್ಪ ಬೆಚ್ಚಗಾಗುತ್ತದೆ. ಮೊದಲೇ ನಿಮ್ಮ ತೂಕ ಕೇಳಿ ಬರೆದುಕೊಳ್ಳುವುದು ಮೈಯ ಪ್ರತಿ ಕಿಲೋಗೆ ಎಷ್ಟು ಅಲೆಶಕ್ತಿ ಸೇರುತ್ತದೆ ಎಂದು ಯಂತ್ರ ಲೆಕ್ಕ ಹಾಕಬೇಕಾದ್ದರಿಂದ.

ಆ ಲೆಕ್ಕದ ಹೆಸರು ಸಾರ್. ಮೇಷ್ಟ್ರನ್ನು ಕರೆಯುವ ಸಾರ್ ಅಲ್ಲ, ಅನ್ನಕ್ಕೆ ಕಲಸಿಕೊಳ್ಳುವ ಸಾರೂ ಅಲ್ಲ. ಒಂದು ಕಿಲೋ ಮೈಭಾಗ ಎಷ್ಟು ವ್ಯಾಟ್ ಹೀರಿಕೊಂಡಿತು ಎಂಬ ಅಳತೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇಡೀ ಮೈಗೆ ಕಿಲೋಗೆ 4 ವ್ಯಾಟ್ ಸೇರಿದರೆ ದೇಹದ ಉಷ್ಣತೆ ಸುಮಾರು ಒಂದು ಡಿಗ್ರಿ ಏರುತ್ತದೆ, ನಡವಳಿಕೆ ಬದಲಾಗುತ್ತದೆ. ಅದನ್ನು ಐವತ್ತರಿಂದ ಭಾಗಿಸಿ ಸಾಮಾನ್ಯ ಜನರಿಗೆ 0.08 ವ್ಯಾಟ್ ಎಂದು ಅಂತರರಾಷ್ಟ್ರೀಯ ಮಿತಿ ಇಟ್ಟರು. ಮೊಬೈಲ್ ತಲೆಗೇ ಒತ್ತಿಕೊಂಡಿರುವ ವಸ್ತುವಾದ್ದರಿಂದ ಅದಕ್ಕೆ ಬೇರೆಯದೇ ಮಿತಿ: ಭಾರತದಲ್ಲಿ ಯಾವುದೇ ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೋಗೆ 1.6 ವ್ಯಾಟ್. ನಿಮ್ಮ ಮೊಬೈಲಿನಲ್ಲಿ ನಕ್ಷತ್ರ, ಹ್ಯಾಶ್, ಸೊನ್ನೆ, ಏಳು, ಹ್ಯಾಶ್ ಒತ್ತಿ ನೋಡಿ, ಅದರ ಅಂಕಿ ತೆರೆಯ ಮೇಲೆ ಬರುತ್ತದೆ. ರಕ್ತ ಹರಿದು ಬಿಸಿಯನ್ನು ಹೊತ್ತೊಯ್ಯುವ ಕಡೆ ಮೈ ತಾಳಿಕೊಳ್ಳುತ್ತದೆ. ಕಣ್ಣಿನ ಮಸೂರಕ್ಕೆ ರಕ್ತನಾಳವಿಲ್ಲ, ಅಲ್ಲಿ ಬಿಸಿ ನಿಂತುಬಿಡುತ್ತದೆ. ಭಾರೀ ಶಕ್ತಿಯ ಮೈಕ್ರೋವೇವಿಗೆ ಕಣ್ಣೊಡ್ಡಿದರೆ ಪೊರೆ ಬರುವುದು ಇದರಿಂದಲೇ. ರೇಡಾರ್ ಮುಂದೆ ಕೆಲಸ ಮಾಡುವವರಿಗೆ ಕಟ್ಟುನಿಟ್ಟಿನ ನಿಯಮವಿರುವುದು ಸುಮ್ಮನೆ ಅಲ್ಲ.

ಇನ್ನೊಂದು ವಿಚಿತ್ರ. ಎಲ್ಲ ಅಲೆಯೂ ಮೈಗೆ ಒಂದೇ ಸಮ ಇಳಿಯುವುದಿಲ್ಲ. ಅಲೆಯ ಉದ್ದಕ್ಕೂ ಮೈಯ ಉದ್ದಕ್ಕೂ ತಾಳೆಯಾದರೆ ಮೈ ಆಂಟೆನಾದಂತೆ ಅದನ್ನು ಎಳೆದುಕೊಳ್ಳುತ್ತದೆ. ನಿಂತ ವಯಸ್ಕ ಮನುಷ್ಯನಿಗೆ ಆ ತಾಳೆ ಬೀಳುವುದು 70 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ. ನೀವು ದಿನವಿಡೀ ಹಾಡು ಕೇಳುವ ಎಫ್‌ಎಂ ಶುರುವಾಗುವುದು 88ರಲ್ಲಿ! ಆದ್ದರಿಂದಲೇ ಅಂತರರಾಷ್ಟ್ರೀಯ ಮಿತಿಗಳಲ್ಲಿ ಅತ್ಯಂತ ಬಿಗಿಯಾದದ್ದು ಎಫ್‌ಎಂ, ಟಿವಿ ಇರುವ ಆ ಭಾಗ. 612 ಕಿಲೋಹರ್ಟ್ಸ್‌ನ ಅಲೆ ಸುಮಾರು 490 ಮೀಟರ್ ಉದ್ದ, ನಮ್ಮನ್ನು ಕಂಡೂ ಕಾಣದಂತೆ ದಾಟಿ ಹೋಗುತ್ತದೆ. 5ಜಿಗೆ ಮೀಸಲಿಟ್ಟ 26 ಗಿಗಾಹರ್ಟ್ಸ್‌ನ ಅಲೆಯಾದರೋ ಹನ್ನೊಂದು ಹನ್ನೆರಡು ಮಿಲಿಮೀಟರ್, ನಮ್ಮ ಚರ್ಮದ ಒಂದು ಮಿಲಿಮೀಟರಿನಲ್ಲೇ ಇಂಗಿಹೋಗುತ್ತದೆ. ಆದರೆ ಹನ್ನೆರಡು ಮಿಲಿಮೀಟರ್ ಎಂದರೆ ಹೆಚ್ಚುಕಡಿಮೆ ಒಂದು ಜೇನುನೊಣದ ಉದ್ದ. ಮನುಷ್ಯನಿಗೆ ಮಿತಿ ಬರೆದವರು ಜೇನುನೊಣಕ್ಕೆ ಬರೆದಿಲ್ಲ. ಕೀಟಗಳು ಇಂಥ ಅಲೆಯನ್ನು ಹೆಚ್ಚು ಹೀರುತ್ತವೆ ಎಂದು 2018ರಲ್ಲಿ ಕಂಪ್ಯೂಟರ್ ಲೆಕ್ಕದಿಂದ ತೋರಿಸಿದ್ದಾರೆ.

ಟವರಿಗೆ ಬರುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆಂಟೆನಾ ಪರೀಕ್ಷೆಯ ಕೆಲಸದಲ್ಲಿದ್ದಾನೆ. ಒಂದು ಶನಿವಾರ ಅಳತೆಯ ಮೀಟರ್ ತಂದ. ಹತ್ತಿರದ ಇನ್ನೊಂದು ಬೀದಿಯ ಟವರ್ ಕಾಣುವ ನಮ್ಮ ಮಹಡಿಯ ಬಾಲ್ಕನಿಯಲ್ಲಿ ನಿಂತು ಅದರತ್ತ ಹಿಡಿದೆವು. ಅಂಕಿ ಎದ್ದಿತು, ಕುಣಿಯಿತು, ಅಲ್ಲಲ್ಲೇ ನಿಂತಿತು. "ಈಗ ಪದ್ಮಮ್ಮನವರಿಗೆ ಫೋನ್ ಮಾಡಿ ಸಾರ್" ಎಂದ. ಮೊಬೈಲನ್ನು ಮೀಟರಿನ ಪಕ್ಕದಲ್ಲೇ ಹಿಡಿದು ಕರೆ ಮಾಡಿದೆ. ರಿಂಗಾಗುವ ಮೊದಲೇ ಅಂಕಿ ನೆಗೆದು ಎಲ್ಲಿಗೋ ಹೋಯಿತು. ಮೊಬೈಲನ್ನು ಕೈ ಚಾಚಿ ದೂರ ಹಿಡಿದೆ, ಇಳಿಯಿತು. ಕೆಳಗಿನ ಬಾತ್‌ರೂಮಿನಲ್ಲಿ ನನ್ನ ಮೊಬೈಲಿಗೆ ಒಂದೇ ಕಡ್ಡಿ ಸಿಗ್ನಲ್. ಅಲ್ಲಿ ಹೋಗಿ ಮತ್ತೆ ಮಾಡಿದಾಗ ಬಾಲ್ಕನಿಗಿಂತಲೂ ಮೇಲೆ ನೆಗೆಯಿತು. ಪದ್ಮಮ್ಮನವರು ಮೂರನೆಯ ಸಲ ಎತ್ತಿಕೊಂಡು, "ಏನಾಗಿದೆ ಮೇಷ್ಟ್ರೇ ನಿಮಗೆ, ಸುಮ್ಮನೆ ಫೋನ್ ಮಾಡಿ ಇಡುತ್ತೀರಲ್ಲ" ಎಂದು ಗದರಿದರು.

ಅಂದು ಮೀಟರ್ ತೋರಿಸಿದ್ದು ಹೊಸ ಸಂಗತಿಯೇನಲ್ಲ. ಅಲೆಯ ಬಲ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ, ದೂರ ಹತ್ತು ಪಟ್ಟಾದರೆ ಬಲ ನೂರನೇ ಒಂದು ಭಾಗ. ಟವರ್ ದೊಡ್ಡ ಗಂಟಲಿನವನು, ಆದರೆ ಬೀದಿಯಾಚೆ ನಿಂತಿದ್ದಾನೆ. ಮೊಬೈಲ್ ಪಿಸುಮಾತಿನವನು, ಆದರೆ ಕಿವಿಗೆ ಬಾಯಿ ಹಚ್ಚಿದ್ದಾನೆ. ಅಷ್ಟೇ ಅಲ್ಲ, ಮೊಬೈಲ್ ತನ್ನ ದನಿಯನ್ನು ತಾನೇ ಏರಿಸಿ ಇಳಿಸಿಕೊಳ್ಳುತ್ತದೆ. ಟವರ್ ಹತ್ತಿರವಿದ್ದರೆ ಮೆಲ್ಲಗೆ, ದೂರವಿದ್ದರೆ ಕಿರುಚಾಟ. ಲಿಫ್ಟಿನಲ್ಲಿ, ನೆಲಮಾಳಿಗೆಯಲ್ಲಿ, ಒಂದೇ ಕಡ್ಡಿ ಸಿಗ್ನಲ್ ಇರುವ ಕಡೆ ಕಿವಿಗೊತ್ತಿ ಮಾತಾಡುವಾಗಲೇ ನಿಮ್ಮ ತಲೆಗೆ ಹೆಚ್ಚು ಅಲೆ ಸೇರುವುದು. ಟವರನ್ನು ಬೀದಿಯಿಂದ ಓಡಿಸಿದವರು ತಮಗೆ ತಿಳಿಯದೆಯೇ ತಮ್ಮ ಮೊಬೈಲಿನ ದನಿ ಏರಿಸಿಕೊಳ್ಳುತ್ತಾರೆ. ರಸ್ತೆಬದಿಯಲ್ಲಿ ಮಾರುವ ವಿಕಿರಣ ತಡೆಯುವ ಸ್ಟಿಕ್ಕರಿನ ಕಥೆಯೂ ಇದೇ. ಅದು ಏನೂ ತಡೆಯದಿದ್ದರೆ ದುಡ್ಡು ದಂಡ, ನಿಜವಾಗಿಯೂ ತಡೆದರೆ ಮೊಬೈಲ್ ಇನ್ನಷ್ಟು ಕಿರುಚುತ್ತದೆ.

ಟವರಿನವರ ಪರ ವಕಾಲತ್ತು ವಹಿಸಿದ್ದೇನೆ ಎಂದುಕೊಳ್ಳಬೇಡಿ. ಅದರ ಅಲೆ ಟಾರ್ಚಿನ ಬೆಳಕಿನಂತೆ ಮುಂದಕ್ಕೆ ಹೋಗುತ್ತದೆ, ಬುಡದಲ್ಲಿ ಕಡಿಮೆ. ಬಾಡಿಗೆ ಎಣಿಸುವ ಯಜಮಾನರಿಗಿಂತ ಅದೇ ಎತ್ತರದಲ್ಲಿ ಎದುರಿಗಿರುವ ಮನೆಯವರಿಗೆ ಅದು ಹೆಚ್ಚು ತಗಲುತ್ತದೆ. ಆದ್ದರಿಂದ ಎದುರುಮನೆಯವರು ಪ್ರಶ್ನೆ ಕೇಳುವುದು ನ್ಯಾಯವೇ. 2012ರ ಸೆಪ್ಟೆಂಬರ್ 1ರಿಂದ ಭಾರತ ಟವರುಗಳ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು: 900 ಮೆಗಾಹರ್ಟ್ಸ್‌ನಲ್ಲಿ ಚದರ ಮೀಟರಿಗೆ 4.5 ವ್ಯಾಟ್ ಇದ್ದದ್ದು 0.45 ವ್ಯಾಟ್ ಆಯಿತು. 2017ರಲ್ಲಿ ದೂರಸಂಪರ್ಕ ಇಲಾಖೆ ತರಂಗ್ ಸಂಚಾರ್ ಎಂಬ ಜಾಲತಾಣ ತೆರೆಯಿತು, ನಮ್ಮ ಸುತ್ತಲ ಟವರುಗಳು ಮಿತಿಯೊಳಗಿವೆಯೇ ಎಂದು ಅಲ್ಲಿ ನೋಡಬಹುದು. ಶುಲ್ಕ ಕಟ್ಟಿದರೆ ಅಳತೆ ಮಾಡಲು ಬರುವ ಏರ್ಪಾಡನ್ನೂ ಮಾಡಿತು. ಮೂವತ್ತು ಸಹಿಗಳ ಅರ್ಜಿಗಿಂತ ಒಂದು ಅಳತೆ ಕೇಳುವುದು ಮೇಲು ಎಂದು ನಾನು ಸಭೆಯಲ್ಲಿ ಹೇಳಿದ್ದೆ. ಫ್ಯಾನಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಇನ್ನು ಕ್ಯಾನ್ಸರ್. 2011ರ ಮೇ 31ರಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರೇಡಿಯೊ ಅಲೆಗಳನ್ನು 2ಬಿ ಗುಂಪಿಗೆ ಸೇರಿಸಿತು. ಕ್ಯಾನ್ಸರ್ ತರಬಹುದೇನೋ, ಖಾತರಿಯಿಲ್ಲ ಎನ್ನುವವುಗಳ ಗುಂಪು ಅದು. ಏಷ್ಯಾದ ಸಾಂಪ್ರದಾಯಿಕ ತರಕಾರಿ ಉಪ್ಪಿನಕಾಯಿಯೂ ಲೋಳೆಸರದ ಇಡೀ ಎಲೆಯ ಸಾರವೂ ಅದೇ ಪಂಕ್ತಿಯಲ್ಲಿ ಕುಳಿತಿವೆ. ಖಂಡಿತ ತರುತ್ತದೆ ಎನ್ನುವ ಒಂದನೆಯ ಗುಂಪಿನಲ್ಲಿ ಇರುವುದು ತಂಬಾಕು, ಮದ್ಯ, ಮತ್ತು ಮಲೆನಾಡಿನವರು ಮುನಿಸಿಕೊಳ್ಳಬಾರದು, ಅಡಿಕೆ. ಎಲೆಯಡಿಕೆ ಮೆಲ್ಲುತ್ತಾ ಟವರನ್ನು ಬೈದ ಹಿರಿಯರೊಬ್ಬರು ಅಂದಿನ ಸಭೆಯಲ್ಲಿದ್ದರು.

ಆ 2ಬಿಗೆ ಒಂದು ಮುಖ್ಯ ಆಧಾರ ಹದಿಮೂರು ದೇಶಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಇಂಟರ್‌ಫೋನ್ ಅಧ್ಯಯನ. ಮಿದುಳಿನ ಗೆಡ್ಡೆಯವರನ್ನೂ ಆರೋಗ್ಯವಂತರನ್ನೂ ನೀವು ಎಷ್ಟು ಮಾತಾಡುತ್ತಿದ್ದಿರಿ ಎಂದು ಕೇಳಿದರು. ಒಟ್ಟಾರೆ ನೋಡಿದರೆ ಮೊಬೈಲ್ ಬಳಸಿದವರಲ್ಲಿ ಗೆಡ್ಡೆ ಕಡಿಮೆ ಎಂದು ಬಂದಿತು, ಅದನ್ನು ಯಾರೂ ನಂಬಲಿಲ್ಲ. ಒಟ್ಟು 1640 ಗಂಟೆಗಿಂತ ಹೆಚ್ಚು ಮಾತಾಡಿದವರಲ್ಲಿ ಮಾತ್ರ ಗ್ಲಿಯೋಮಾ ಎಂಬ ಗೆಡ್ಡೆಯ ಸಂಭವ ಸುಮಾರು ಶೇಕಡಾ 40ರಷ್ಟು ಹೆಚ್ಚು ಎಂದು ಬಂದಿತು. ಹತ್ತು ವರ್ಷಕ್ಕೆ ಹಂಚಿದರೆ ಅದು ದಿನಕ್ಕೆ ಅರ್ಧ ಗಂಟೆಯೂ ಆಗುವುದಿಲ್ಲ. ಕೇಳಿ ಗಾಬರಿಯಾಗುತ್ತದೆ. ಆದರೆ ಇದೆಲ್ಲ ನೆನಪಿನಿಂದ ಹೇಳಿಸಿದ ಲೆಕ್ಕ, ಅವರಲ್ಲಿ ಕೆಲವರು ಕೊಟ್ಟ ಅಂಕಿ ನಂಬುವಂತೆಯೇ ಇರಲಿಲ್ಲ. ಹತ್ತು ವರ್ಷದ ಹಿಂದೆ ಯಾವ ಕಿವಿಗೆ ಫೋನ್ ಹಿಡಿಯುತ್ತಿದ್ದೆ ಎಂದು ನನ್ನನ್ನು ಕೇಳಿದರೆ ನಾನೂ ತಡವರಿಸುತ್ತೇನೆ. ಆಮೇಲೆ ನೆನಪನ್ನು ನೆಚ್ಚದೆ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳು ಬಂದವು. ಬ್ರಿಟನ್ನಿನ ಏಳೂಮುಕ್ಕಾಲು ಲಕ್ಷ ಹೆಂಗಸರು, ಯುರೋಪಿನ ಕಾಸ್ಮಾಸ್ ಅಧ್ಯಯನದ ಎರಡೂವರೆ ಲಕ್ಷಕ್ಕೂ ಮಿಕ್ಕಿದ ಜನ. ಎರಡರಲ್ಲೂ ಹೆಚ್ಚಳ ಕಾಣಲಿಲ್ಲ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ 63 ಅಧ್ಯಯನಗಳನ್ನು ಸೋಸಿ ನೋಡಿದವರೂ ಮೊಬೈಲಿಗೂ ಮಿದುಳಿನ ಕ್ಯಾನ್ಸರಿಗೂ ನಂಟು ಕಾಣುತ್ತಿಲ್ಲ ಎಂದರು.

ಇಲ್ಲಿಗೆ ಕಡತ ಮುಚ್ಚಬಹುದಿತ್ತು, ಇಲಿಗಳು ಬಿಡುವುದಿಲ್ಲ. ಅಮೆರಿಕದ ರಾಷ್ಟ್ರೀಯ ವಿಷಶಾಸ್ತ್ರ ಕಾರ್ಯಕ್ರಮದವರು ದಿನಕ್ಕೆ ಒಂಬತ್ತು ಗಂಟೆ, ಎರಡು ವರ್ಷ ಇಲಿಗಳಿಗೆ ಅಲೆ ತಾಗಿಸಿ, ಗಂಡು ಇಲಿಗಳ ಹೃದಯದಲ್ಲಿ ಒಂದು ಬಗೆಯ ಗೆಡ್ಡೆ ಬಂದದ್ದಕ್ಕೆ ಸ್ಪಷ್ಟ ಸಾಕ್ಷ್ಯವಿದೆ ಎಂದು 2018ರಲ್ಲಿ ಹೇಳಿದರು. ಹೆಣ್ಣು ಇಲಿಗಳಲ್ಲಿ ಅಷ್ಟು ಸ್ಪಷ್ಟವಿರಲಿಲ್ಲ. ಇಡೀ ಮೈಗೆ ಕೊಟ್ಟ ಅತಿ ಹೆಚ್ಚಿನ ಪ್ರಮಾಣ ಕಿಲೋಗೆ 6 ವ್ಯಾಟ್, ನಮಗೆ ಹಾಕಿದ ಮಿತಿಯ ಎಪ್ಪತ್ತೈದು ಪಟ್ಟು. ತಮಾಷೆಯೆಂದರೆ ಅಲೆ ತಾಗಿದ ಗಂಡು ಇಲಿಗಳು ಅಲೆ ತಾಗದವುಗಳಿಗಿಂತ ಹೆಚ್ಚು ದಿನ ಬದುಕಿದವು. ಇದಕ್ಕೆ ಏನು ಅರ್ಥ ಹೇಳಬೇಕೆಂದು ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ. ಅದಕ್ಕೂ ಮೊದಲು, 2011ರಲ್ಲಿ, 47 ಜನರ ಕಿವಿಗೆ 50 ನಿಮಿಷ ಮೊಬೈಲ್ ಕಟ್ಟಿ ಮಿದುಳನ್ನು ಸ್ಕ್ಯಾನ್ ಮಾಡಿದಾಗ ಆಂಟೆನಾಕ್ಕೆ ಹತ್ತಿರದ ಭಾಗ ಶೇಕಡಾ 7ರಷ್ಟು ಹೆಚ್ಚು ಗ್ಲೂಕೋಸ್ ಬಳಸಿತ್ತು. ಅದು ಕೆಡುಕೇ ಎಂದು ಹೇಳಲು ಬರುವುದಿಲ್ಲ, ಏನೂ ಆಗಿಲ್ಲ ಎಂದು ಹೇಳಲೂ ಬರುವುದಿಲ್ಲ. ನಾನಂತೂ ಇಯರ್‌ಫೋನ್ ಹಾಕಿಕೊಂಡೇ ಮಾತಾಡುತ್ತೇನೆ.

ತಲೆನೋವು, ನಿದ್ದೆ ಬಾರದಿರುವುದು ಎನ್ನುವವರನ್ನು ಹಗುರವಾಗಿ ಕಾಣಬಾರದು. ಅಂಥವರನ್ನು ಕೂರಿಸಿ, ಅಲೆ ಇದೆಯೋ ಇಲ್ಲವೋ ಅವರಿಗೂ ಗೊತ್ತಿಲ್ಲದಂತೆ, ಪರೀಕ್ಷಿಸುವವರಿಗೂ ಗೊತ್ತಿಲ್ಲದಂತೆ ಮಾಡಿದ 46 ಪ್ರಯೋಗಗಳನ್ನು 2010ರಲ್ಲಿ ಒಟ್ಟುಗೂಡಿಸಿ ನೋಡಿದರು, 1175 ಜನ. ಅಲೆ ಇದ್ದಾಗ ಗುರುತಿಸಲು ಅವರಿಂದ ಆಗಲಿಲ್ಲ. ಅಲೆ ಇದೆ ಎಂದುಕೊಂಡಾಗ ತಲೆನೋವು ಬಂದಿತ್ತು, ಅದು ನಿಜವಾದ ನೋವೇ. ಜೊತೆಗೆ, ಟವರಿನ ಬುಡದಲ್ಲಿ ಡೀಸೆಲ್ ಜನರೇಟರ್ ರಾತ್ರಿ ಎರಡು ಗಂಟೆಗೆ ಗುಡುಗುಡು ಎನ್ನುವುದರಿಂದ ನಿದ್ದೆ ಕೆಟ್ಟರೆ ಅದಕ್ಕೆ ಯಾವ ಪ್ರಯೋಗವೂ ಬೇಕಿಲ್ಲ, ಪೊಲೀಸ್ ದೂರು ಸಾಕು.

ಗುಬ್ಬಿ ಉಳಿಯಿತು. ಬ್ರಿಟನ್ನಿನಲ್ಲಿ ಗುಬ್ಬಿಗಳು ಕಡಿಮೆಯಾಗತೊಡಗಿದ್ದು 1970ರ ದಶಕದ ಕೊನೆಯಲ್ಲಿ, ಅಲ್ಲಿ ಮೊಬೈಲ್ ಬಂದದ್ದು 1985ರಲ್ಲಿ. ನಮ್ಮ ದೇಶದಲ್ಲಿ ಒಟ್ಟಾರೆ ಅವು ಕುಸಿದಿಲ್ಲ, ದೊಡ್ಡ ನಗರಗಳಲ್ಲಿ ಇಳಿದಿವೆ ಎಂದು 2020ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಹೇಳಿತು. ಹಳ್ಳಿಯಲ್ಲೂ ಟವರ್ ಇದೆ, ಗುಬ್ಬಿಯೂ ಇದೆ. ನಮ್ಮ ಬೀದಿಯಲ್ಲಿ ಹಂಚಿನ ಮನೆಗಳಿದ್ದಾಗ ತೊಲೆಯ ಸಂದಿನಲ್ಲಿ ಗೂಡಿತ್ತು, ಅಂಗಳದಲ್ಲಿ ಮೊರದಿಂದ ಕೇರಿದ ನುಚ್ಚು ಬೀಳುತ್ತಿತ್ತು, ಹಿತ್ತಲಿನ ಅವರೆ ಚಪ್ಪರದಲ್ಲಿ ಮರಿಗಳಿಗೆ ಹುಳ ಸಿಗುತ್ತಿತ್ತು. ಈಗ ಮನೆಗೆ ಗಾಜು, ಅಂಗಳಕ್ಕೆ ಗ್ರಾನೈಟ್, ಅಕ್ಕಿಗೆ ಪ್ಲಾಸ್ಟಿಕ್ ಚೀಲ.

ಆದರೆ ಹಕ್ಕಿಗಳ ಬಗ್ಗೆ ನನ್ನ ನಿದ್ದೆ ಕೆಡಿಸಿದ ಸಂಗತಿ ಬೇರೆ ಇದೆ. ಜರ್ಮನಿಯ ಓಲ್ಡೆನ್‌ಬುರ್ಗ್ ವಿಶ್ವವಿದ್ಯಾಲಯದವರು ವಲಸೆ ಹೋಗುವ ರಾಬಿನ್ ಹಕ್ಕಿಗಳನ್ನು ಆವರಣದ ಮರದ ಗುಡಿಸಲುಗಳಲ್ಲಿಟ್ಟಿದ್ದರು. ಭೂಮಿಯ ಕಾಂತಕ್ಷೇತ್ರ ಹಿಡಿದು ದಿಕ್ಕು ಕಾಣಬೇಕಾದ ಹಕ್ಕಿಗಳಿಗೆ ಅಲ್ಲಿ ದಿಕ್ಕೇ ತೋಚಲಿಲ್ಲ. ಗುಡಿಸಲಿನ ಒಳಗೆ ಅಲ್ಯೂಮಿನಿಯಂ ತಗಡು ಹೊದಿಸಿ ಅದಕ್ಕೆ ಅರ್ಥಿಂಗ್ ಕೊಟ್ಟರು. ಹಕ್ಕಿಗಳು ಸರಿಯಾದ ದಿಕ್ಕಿಗೆ ತಿರುಗಿದವು. ಅರ್ಥಿಂಗ್ ತಂತಿ ಬಿಚ್ಚಿದರು, ಮತ್ತೆ ಗೊಂದಲ. ಹಲವು ವರ್ಷ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ದಿಕ್ಕು ಕೆಡಿಸಿದ ಅಲೆಗಳು ಮನುಷ್ಯರ ಮಿತಿಗಿಂತ ಎಷ್ಟೋ ಪಟ್ಟು ದುರ್ಬಲ, ಹಕ್ಕಿಯ ಮೈ ಬಿಸಿಯಾಗುವ ಮಾತೇ ಇಲ್ಲ. ಹಕ್ಕಿಯ ಕಣ್ಣಿನಲ್ಲಿರುವ ಕ್ರಿಪ್ಟೋಕ್ರೋಮ್ ಎಂಬ ಪ್ರೋಟೀನಿನ ಎಲೆಕ್ಟ್ರಾನುಗಳ ಸೂಕ್ಷ್ಮ ಆಟವೇ ಅದರ ದಿಕ್ಸೂಚಿ, ಅಲೆ ಅದನ್ನು ಕದಡುತ್ತಿರಬೇಕು ಎಂಬುದು ಅವರ ತರ್ಕ. ಬಿಸಿಯಾಗದಿದ್ದರೆ ಏನೂ ಆಗುವುದಿಲ್ಲ ಎಂದು ಮೂವತ್ತು ವರ್ಷ ಪಾಠ ಹೇಳಿದವನು ನಾನು. ಆ ವಾಕ್ಯವನ್ನು ಈಗ ಅಷ್ಟು ಗಟ್ಟಿಯಾಗಿ ಹೇಳಲಾರೆ.

ಆ ಅಲೆಗಳು ಮೊಬೈಲಿನವಲ್ಲ. ಆಮೇಲೆ ಬೇರೊಂದು ಹಾಡುಹಕ್ಕಿಯ ಮೇಲೆ ಪರೀಕ್ಷಿಸಿದಾಗ 75ರಿಂದ 85 ಮೆಗಾಹರ್ಟ್ಸ್ ದಿಕ್ಕು ತಪ್ಪಿಸಿತು, 140ರಿಂದ 150 ತಪ್ಪಿಸಲಿಲ್ಲ. ಮೊಬೈಲ್ ಇರುವುದು ಅದಕ್ಕೂ ಬಹಳ ಮೇಲೆ. ರಾಬಿನ್ ಹಕ್ಕಿಯನ್ನು ಕೆಡಿಸಿದ ಪಟ್ಟಿ 50 ಕಿಲೋಹರ್ಟ್ಸ್‌ನಿಂದ 5 ಮೆಗಾಹರ್ಟ್ಸ್‌ವರೆಗೆ. ವಿದ್ಯುತ್ ಉಪಕರಣಗಳ ಗದ್ದಲ ಅದರಲ್ಲಿದೆ, ಮಧ್ಯಮ ತರಂಗದ ರೇಡಿಯೊವೂ ಅದರಲ್ಲೇ ಇದೆ. 612 ಕಿಲೋಹರ್ಟ್ಸ್ ಎಂದು ಆಗಲೇ ಹೇಳಿದೆನಲ್ಲ, ಲೆಕ್ಕ ನೀವೇ ಹಾಕಿಕೊಳ್ಳಿ. ಟವರಿನತ್ತ ಬೆರಳು ತೋರುತ್ತಿದ್ದ ನಮ್ಮ ಬೀದಿಯವರಿಗೆ ಇದನ್ನು ಹೇಳಿದ್ದರೆ ನನ್ನನ್ನು ಈ ಭಾಷಣಕ್ಕೆ ಬರಲು ಬಿಡುತ್ತಿದ್ದರೋ ಇಲ್ಲವೋ.

ಅರ್ಜಿ ಏನಾಯಿತು ಎಂದು ಕೇಳುತ್ತೀರೇನೋ. ನಾವು ಗೆದ್ದೆವು. ಟವರ್ ಹಿಂದಿನ ಬೀದಿಗೆ ಹೋಯಿತು, ದೀಪಾವಳಿಯ ಹೊತ್ತಿಗೆ ನಿಂತಿತು. ಈಗ ಕಾರ್ಯದರ್ಶಿಗಳು ಮನೆಯೊಳಗೆ ಸೋಫಾದಲ್ಲಿ ಕುಳಿತೇ ಮಾತಾಡುತ್ತಾರೆ, ಅವರ ಮೊಬೈಲಿಗೂ ಗಂಟಲು ನೋವು ಇಳಿದಿರಬೇಕು. ಮೊನ್ನೆ ಸಂಜೆ ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಪದ್ಮಮ್ಮನವರು ಅವರ ತಾರಸಿಯಿಂದ ಕೂಗಿ ಕರೆದು ಆ ಟವರಿನತ್ತ ಕೈ ತೋರಿಸಿದರು. ಒಂದು ಹದ್ದು ಕೊಕ್ಕಿನಲ್ಲಿ ತಂತಿಯ ತುಂಡು ಕಚ್ಚಿಕೊಂಡು ಬಂದು ಆಂಟೆನಾದ ಹಿಂದಿನ ಸಂದಿಯಲ್ಲಿ ಸಿಕ್ಕಿಸುತ್ತಿತ್ತು. ಗೂಡು ಅರ್ಧವಾಗಿತ್ತು. "ಇದಕ್ಕೇನು ಹೇಳುತ್ತೀರಿ ಮೇಷ್ಟ್ರೇ?" ಎಂದರು. ಮೊಟ್ಟೆ ಇಟ್ಟು ಮರಿಯಾಗುವವರೆಗೆ ಕಾಯೋಣ ಎಂದೆ. ಇಬ್ಬರೂ ದಿನಾ ಸಂಜೆ ನೋಡುತ್ತಿದ್ದೇವೆ.

ನಮಸ್ಕಾರ.